ಪಾತಕ ಅಂದರೆ ಕಣಜ

ನಮಸ್ಕಾರ ಕೇಳುಗರೇ. ಇವತ್ತು ಒಂದು ಕಲಾ ಸಂಗ್ರಹಾಲಯದ ಬಗ್ಗೆ ಮಾತಾಡೋಣ. ಅದರ ಹೆಸರು ಪಾತಕ. ಗಾಬರಿಯಾಗಬೇಡಿ. ನಮ್ಮ ಕಿವಿಗೆ ಇದಕ್ಕಿಂತ ಕೆಟ್ಟ ಹೆಸರು ಇರಲಿಕ್ಕಿಲ್ಲ. ಆದರೆ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರ ಮಾತಿನಲ್ಲಿ ಪಾತಕ ಅಂದರೆ ಕಣಜ. ಇಲಿ ಹತ್ತದಂತೆ, ತೇವ ತಾಗದಂತೆ ಕಂಬಗಳ ಮೇಲೆ ಎತ್ತಿ ಕಟ್ಟಿದ ಮರದ ಕಣಜ. ದೊಡ್ಡ ನಾಯಕನದಾದರೆ ಮುಂಭಾಗಕ್ಕೆಲ್ಲ ಕೆತ್ತನೆ. ಆ ಕೆತ್ತನೆಯಲ್ಲಿ ತಿಮಿಂಗಿಲವೂ ಬರುತ್ತದೆ. ಒಂದು ತಿಮಿಂಗಿಲ ದಡಕ್ಕೆ ಬಂದು ಬಿದ್ದರೆ ಊರಿಗೆಲ್ಲ ಮಾಂಸ, ಎಣ್ಣೆ, ಎಲುಬು. ತುಂಬಿದ ಮನೆಯ ಗುರುತು ಅದು.

ಈ ಸಂಗ್ರಹಾಲಯ ಇರುವುದು ಪೊರಿರುವಾ ಎಂಬ ಊರಿನಲ್ಲಿ, ರಾಜಧಾನಿ ವೆಲ್ಲಿಂಗ್ಟನ್‌ನಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್. 1998ರಲ್ಲಿ ಶುರುವಾಯಿತು. ಟಿಕೆಟ್ ಇಲ್ಲ. ಊರಿನ ಗ್ರಂಥಾಲಯವೂ ಇದೇ ಕಟ್ಟಡದಲ್ಲಿದೆ. ಪುಸ್ತಕ ವಾಪಸ್ ಕೊಡಲು ಬಂದವರು ಸುಮ್ನೆ ಒಂದು ಸುತ್ತು ಹಾಕಿ ಚಿತ್ರ ನೋಡಿಕೊಂಡು ಹೋಗಬಹುದು. ನನಗೆ ಇಷ್ಟವಾದದ್ದು ಇದೇ. ಸಂಗ್ರಹಾಲಯ ಅಂದರೆ ಚಪ್ಪಲಿ ಸದ್ದು ಮಾಡಲೂ ಹೆದರಬೇಕಾದ ಜಾಗ ಅಂತ ನಮಗೆಲ್ಲ ಅಭ್ಯಾಸವಾಗಿದೆ, ಅಲ್ವಾ?

ಪೊರಿರುವಾ ಶ್ರೀಮಂತರ ಊರಲ್ಲ. ಎರಡನೇ ಮಹಾಯುದ್ಧದ ನಂತರ ಸರ್ಕಾರ ಇಲ್ಲಿ ಸಾಲು ಸಾಲು ಬಾಡಿಗೆ ಮನೆ ಕಟ್ಟಿಸಿತು. ಸಮೋವಾ, ಟೊಕೆಲಾವು, ಕುಕ್ ದ್ವೀಪಗಳಿಂದ ಜನ ಕಾರ್ಖಾನೆ ಕೆಲಸಕ್ಕೆ ಬಂದರು. ಇವತ್ತು ಊರಿನ ನಾಲ್ವರಲ್ಲಿ ಒಬ್ಬರು ಪೆಸಿಫಿಕ್ ದ್ವೀಪಗಳ ಮೂಲದವರು.

ಅವರಿಗಿಂತ ಮುಂಚಿನಿಂದ ಇಲ್ಲಿರುವವರು ನ್ಗಾತಿ ತೋವಾ ಎಂಬ ಮಾವೊರಿ ಬುಡಕಟ್ಟಿನವರು. ರಗ್ಬಿ ಆಟಕ್ಕೆ ಮೊದಲು ನ್ಯೂಜಿಲೆಂಡ್ ತಂಡ ತೊಡೆ ತಟ್ಟಿ, ನಾಲಿಗೆ ಚಾಚಿ ಕುಣಿಯುವುದನ್ನು ಟೀವಿಯಲ್ಲಿ ನೋಡಿರುತ್ತೀರಿ. ಆ 'ಕಾ ಮಾತೆ' ಹಾಕಾ ಕಟ್ಟಿದವನು ಇವರ ನಾಯಕ ತೆ ರೌಪರಾಹಾ. ಸುಮಾರು 1820ರ ಮಾತು. ಬೆನ್ನಟ್ಟಿದ ಶತ್ರುಗಳಿಂದ ತಪ್ಪಿಸಿಕೊಂಡು ಅವನು ಗೆಣಸು ತುಂಬಿಡುವ ಗುಂಡಿಯಲ್ಲಿ ಅಡಗಿದನಂತೆ. ನಮ್ಮ ಕಡೆಯ ಹಗೇವು ನೆನಪಿಸಿಕೊಳ್ಳಿ. ಗುಂಡಿಯ ಬಾಯಿಯ ಮೇಲೆ ಒಬ್ಬ ಹೆಂಗಸು ಕೂತು ಅವನನ್ನು ಉಳಿಸಿದಳು. ಕತ್ತಲಿನಿಂದ ಬೆಳಕಿಗೆ ಹತ್ತಿ ಬಂದವನ ಹಾಡು ಅದು. ಅದು ಅವನ ಕೃತಿ ಎಂದು 2014ರಲ್ಲಿ ಕಾನೂನೇ ಆಯಿತು.

1984ರಲ್ಲಿ ಮಾವೊರಿ ಕೆತ್ತನೆಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋದವು. ಜಗತ್ತು ಬೆರಗಾಯಿತು. ಆದರೆ ಅವು ಹಿರಿಯರು ಬಿಟ್ಟುಹೋದ ಹಳೆಯ ವಸ್ತುಗಳು. ಪಾತಕದ ಒಲವು ಇನ್ನೊಂದು ಕಡೆ: ಇವತ್ತು ಬದುಕಿರುವ, ಇವತ್ತಿನ ಸಾಮಾನು ಹಿಡಿದು ಕೆಲಸ ಮಾಡುವ ಕಲಾವಿದರ ಕಡೆ.

ಇಂಥ ಕಲೆಗೆ ನನ್ನ ಮೆಚ್ಚಿನ ಉದಾಹರಣೆ ಒಂದು ಎತ್ತು. ಈಗ ಅದು ವೆಲ್ಲಿಂಗ್ಟನ್‌ನ ತೆ ಪಾಪಾ ಮ್ಯೂಸಿಯಂನಲ್ಲಿದೆ. 1994ರಲ್ಲಿ ಮಿಶೆಲ್ ಟಫರಿ ಮಾಡಿದ್ದು. ಇವರ ಬೇರು ಸಮೋವಾ, ರಾರೊಟೊಂಗಾ, ತಾಹಿತಿಗಳಲ್ಲಿದೆ. ಎತ್ತಿನ ಮೈಯೆಲ್ಲ ತಗಡು. ಉಪ್ಪು ಹಾಕಿದ ದನದ ಮಾಂಸದ ಖಾಲಿ ಡಬ್ಬಿಗಳನ್ನು ಚಪ್ಪಟೆ ಮಾಡಿ, ಜೋಡಿಸಿ ಮಾಡಿದ ಎತ್ತು! ಹೆಸರು 'ಪಿಸುಪೊ ಲುವಾ ಅಫೆ'. ಸಮೋವಾಕ್ಕೆ ಡಬ್ಬಿಯಲ್ಲಿ ಮೊದಲು ಬಂದದ್ದು ಬಟಾಣಿ ಸೂಪು, ಇಂಗ್ಲಿಷಿನ 'ಪೀ ಸೂಪ್'. ಜನರ ಬಾಯಲ್ಲಿ ಅದು ಪಿಸುಪೊ ಆಯಿತು. ಆಮೇಲೆ ಡಬ್ಬಿಯ ಮಾಂಸಕ್ಕೂ ಅದೇ ಹೆಸರು ಅಂಟಿತು. ಮದುವೆಗೂ ಪಿಸುಪೊ, ಸಾವಿನ ಮನೆಗೂ ಪಿಸುಪೊ. ಸಮುದ್ರದ ನಡುವೆ ಇರುವವರು ತಾಜಾ ಮೀನು ಬಿಟ್ಟು ಡಬ್ಬಿಗೆ ಬಿದ್ದರು, ಕಾಯಿಲೆ ಜಾಸ್ತಿಯಾಯಿತು. ಆ ಎತ್ತನ್ನು ನೋಡಿದರೆ ನಗು ಬರುತ್ತದೆ, ಆಮೇಲೆ ಹೊಟ್ಟೆಯೊಳಗೆ ಏನೋ ಕಸಿವಿಸಿ.

ಕುಕ್ ದ್ವೀಪದ ಹೆಂಗಸರ ಕೈಕೆಲಸ ಬೇರೆ ಥರ. ಅವರು ಗುಂಪಾಗಿ ಕೂತು ತಿವಾಏವಾಏ ಹೊಲಿಯುತ್ತಾರೆ. ನಮ್ಮ ಕೌದಿಯ ದೂರದ ತಂಗಿ ಅನ್ನಿ. ಬಣ್ಣದ ಬಟ್ಟೆಯಲ್ಲಿ ಹೂವು, ಎಲೆ ಕತ್ತರಿಸಿ ಕೂರಿಸುತ್ತಾರೆ. ಮದುವೆಗೆ ಅದೇ ಉಡುಗೊರೆ. ಗಂಡುಮಕ್ಕಳ ಮೊದಲ ಕೂದಲು ತೆಗೆಸುವ ದಿನವೂ ಅದೇ. ಅಲ್ಲೂ ಜವಳ ಇದೆ ನೋಡಿ! ಯಾರಾದರೂ ತೀರಿಕೊಂಡರೆ ಮೈಗೆ ಹೊದಿಸಿ ಜೊತೆಯಲ್ಲೇ ಮಣ್ಣು ಮಾಡುವುದೂ ಉಂಟು. ವರ್ಷಗಟ್ಟಲೆ ಹೊಲಿದದ್ದನ್ನು ಹಾಗೆ ಕಳಿಸಿಕೊಡುತ್ತಾರೆ. ಆ ಕೌದಿಗಳು ಯಾವ ಸಂಗ್ರಹಾಲಯದ ಗೋಡೆಗೂ ಬರುವುದಿಲ್ಲ.

ನಮಸ್ಕಾರ.