ಎಂಜಿನ್ ಮತ್ತೆ ಬಿಚ್ಚಬೇಡಿ

ಕೇಳುಗರಿಗೆ ನಮಸ್ಕಾರ. ಗಾಡಿಯ ಎಂಜಿನ್ ಇಳಿಸಿ, ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ಮತ್ತೆ ಕೂರಿಸಿದ್ದೀರಿ. ಸ್ಟಾರ್ಟ್ ಮಾಡಿದರೆ ಮುಂದುಗಡೆಯಿಂದ ಕೀಚಲು ಸದ್ದು. ಹೀಟರ್ ಹಾಕಿದರೆ ತಣ್ಣನೆ ಗಾಳಿ. ಅಷ್ಟೊಂದು ಹಣ ಸುರಿದ ಕೆಲಸ ಕೆಟ್ಟೇ ಹೋಯಿತೇನೋ ಎಂದು ಎದೆ ಧಸಕ್ಕೆನ್ನುತ್ತದೆ. ನಾನು ಇವತ್ತು ಹೇಳುವುದು ಒಂದೇ ಮಾತು: ಎಂಜಿನ್ ಮತ್ತೆ ಬಿಚ್ಚಬೇಡಿ. ಮೊದಲು ಹೊರಗೆ ನೋಡಿ. ಕಟ್ಟುವಾಗ ಏನೇನು ಕಳಚಿ ಹಾಕಿದ್ದೀರೋ, ಅಲ್ಲಿ ನೋಡಿ.

ಮೊದಲು ಸದ್ದು. ಎಂಜಿನ್ನಿನ ಮುಂದುಗಡೆ, ಪುಲ್ಲಿ ಎಂಬ ಗಾಲಿಗಳ ಮೇಲೆ ಸುತ್ತುವ ಹೊರಗಿನ ಬೆಲ್ಟ್ ಕಳಚಿಟ್ಟು ಎಂಜಿನ್ನನ್ನು ಅರ್ಧ ನಿಮಿಷ ಓಡಿಸಿ. ಅನೇಕ ಗಾಡಿಗಳಲ್ಲಿ ಎಂಜಿನ್ ತಂಪಾಗಿಡುವ ವಾಟರ್ ಪಂಪ್ ತಿರುಗುವುದು ಅದೇ ಬೆಲ್ಟಿನಿಂದ, ಹಾಗಾಗಿ ಅದಕ್ಕಿಂತ ಹೆಚ್ಚು ಬೇಡ. ಸದ್ದು ನಿಂತಿತೇ? ಹಾಗಾದರೆ ಸದ್ದು ಎಂಜಿನ್ನಿನ ಒಳಗಿನದಲ್ಲ, ನೆಮ್ಮದಿಯಾಗಿರಿ. ಎಂಜಿನ್ ಆಫ್ ಮಾಡಿ, ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಗರಗರ ಅಂದರೆ, ಅಲುಗಾಡಿದರೆ, ಅದರ ಬೇರಿಂಗ್ ಹೋಗಿದೆ.

ಎಲ್ಲ ಸರಿಯಿದ್ದರೆ ಬೆಲ್ಟ್ ಹಾಕಿ, ಎಂಜಿನ್ ಓಡುತ್ತಿರುವಾಗ ದೂರದಿಂದ ಬೆಲ್ಟಿನ ಗೆರೆಗಳಿರುವ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ. ಸಡಿಲ ತೋಳಿನ ಅಂಗಿ ಬೇಡ. ಸದ್ದು ಜೋರಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು. ಸದ್ದು ಕ್ಷಣ ನಿಂತು ಮತ್ತೆ ಶುರುವಾದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ.

ಒಬ್ಬರು ಹೊಸದಾಗಿ ಎಂಜಿನ್ ಕಟ್ಟಿಸಿದ ವ್ಯಾನ್ ತಂದಿದ್ದರು. ಸದ್ದಿಗೆಂದು ಬೆಲ್ಟ್ ಬದಲಿಸಿದ್ದರು, ಅದು ಹೋಗದಿದ್ದಾಗ ದುಬಾರಿ ಬೆಲ್ಟ್ ಹಾಕಿದ್ದರು, ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ಕೂಡ ಹೊಸದು. "ಸಾರ್, ಕ್ರ್ಯಾಂಕೇ ಓರೆಯಾಗಿರಬೇಕು, ಇಳಿಸಿಬಿಡೋಣ" ಅಂದರು. ಕ್ರ್ಯಾಂಕ್ ಎಂದರೆ ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ. ಸ್ವಲ್ಪ ತಾಳಿ ಎಂದೆ. ಒಂದು ನೇರ ಕಬ್ಬಿಣದ ಪಟ್ಟಿ ತಂದು ಕ್ರ್ಯಾಂಕ್ ಪುಲ್ಲಿಯ ಮುಖಕ್ಕೂ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಪುಲ್ಲಿಯ ಮುಖಕ್ಕೂ ಅಡ್ಡ ಹಿಡಿದೆ. ಆ ಗಾಡಿಯಲ್ಲಿ ಎರಡೂ ಸಮನಾಗಿ ಮುಟ್ಟಬೇಕು. ಕ್ರ್ಯಾಂಕ್ ಪುಲ್ಲಿಗೆ ಮುಟ್ಟಿತು, ಆಲ್ಟರ್ನೇಟರಿನ ಹತ್ತಿರ ಬೆಳಕು ಕಾಣುವಷ್ಟು ಸಂದು. "ಕಟ್ಟಿದ ಮೇಲೆ ಉಳಿದ ನಟ್ಟು ಬೋಲ್ಟು ಎಲ್ಲಿ?" ಅಂದೆ. ಸೀಟಿನಡಿಯಿಂದ ಒಂದು ಡಬ್ಬಿ ಬಂತು. ಅದರ ತಳದಲ್ಲಿ, ಎಣ್ಣೆ ಕೊಳೆಯೊಳಗೆ, ಒಂದು ದಪ್ಪ ವಾಷರ್. ಆಲ್ಟರ್ನೇಟರಿನ ಬ್ರಾಕೆಟ್ಟಿನ ಹಿಂದೆ ಕೂರಬೇಕಾದದ್ದು! ಹಾಕಿದೆವು, ಸದ್ದು ಹೋಯಿತು. ಕ್ರ್ಯಾಂಕ್ ಇಳಿಸಲು ಹೊರಟಿದ್ದರು! ನನಗೆ ಈಗಲೂ ನೆನೆದರೆ ಸಂಕಟವಾಗುತ್ತದೆ. ಹೊರಗೆ ನೋಡಿ ಎಂದು ನಾನು ಇಷ್ಟು ಹಟದಿಂದ ಹೇಳುವುದು ಇದಕ್ಕೇ.

ಇನ್ನು ಬೆಲ್ಟಿಗೆ ಸೋಪು, ಗ್ರೀಸು ಹಚ್ಚುವವರು ದಯವಿಟ್ಟು ನಿಲ್ಲಿಸಿ. ಅದು ಮದ್ದಲ್ಲ. ಬೆಲ್ಟಿಗೆ ಎಣ್ಣೆಯೋ, ಎಂಜಿನ್ ತಂಪಾಗಿಟ್ಟು ಹೀಟರಿಗೆ ಬಿಸಿ ಒಯ್ಯುವ ದ್ರವವಾದ ಕೂಲೆಂಟೋ ತಾಗಿದ್ದರೆ ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿ. ವಾಟರ್ ಪಂಪಿನಿಂದ ತೊಟ್ಟಿಕ್ಕುವ ಕೂಲೆಂಟ್ ಬೆಲ್ಟನ್ನೂ ಕಿರುಚಿಸುತ್ತದೆ, ಮಟ್ಟ ಇಳಿಸಿ ಹೀಟರನ್ನೂ ತಣ್ಣಗಾಗಿಸುತ್ತದೆ.

ಸಮಯ ಕಡಿಮೆಯಿದೆ, ಹೀಟರ್ ವಿಷಯ ಬೇಗ ಹೇಳುತ್ತೇನೆ. ಎಂಜಿನ್ ಕಟ್ಟಿದ ಮೇಲೆ ಹೀಟರ್ ತಣ್ಣಗಿದ್ದರೆ ಮೊದಲ ಅನುಮಾನ ಕೂಲೆಂಟಿನಲ್ಲಿ ಗಾಳಿ ಹಿಡಿದಿರುವುದರ ಮೇಲೆ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳಿದರಂತೂ ಅದೇ. ಎಂಜಿನ್ ಪೂರ್ತಿ ತಣ್ಣಗಿರುವಾಗ ಗಾಡಿಯ ಮೂತಿ ಎತ್ತರದಲ್ಲಿರುವಂತೆ ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ತೆಗೆದು, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಸ್ಟಾರ್ಟ್ ಮಾಡಿ. ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ತೆರೆದುಕೊಂಡಾಗ, ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗುಳ್ಳೆ ಎದ್ದು ಮಟ್ಟ ಇಳಿಯುತ್ತದೆ. ಕೂಲೆಂಟ್ ಸುರಿಯುತ್ತಾ ಹೋಗಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ಬಿಸಿ ಎಂಜಿನ್ನಿನ ಮುಚ್ಚಳ ಮಾತ್ರ ಎಂದಿಗೂ ತೆಗೆಯಬೇಡಿ, ಮುಖ ಸುಟ್ಟುಹೋಗುತ್ತದೆ.

ಆಮೇಲೂ ಬಿಸಿ ಬಾರದಿದ್ದರೆ ಹೀಟರಿನ ಎರಡು ಹೋಸುಗಳನ್ನು ಹುಷಾರಾಗಿ ಮುಟ್ಟಿ. ಎರಡೂ ಬಿಸಿಯಿದ್ದರೆ ದೋಷ ಡ್ಯಾಶ್‌ಬೋರ್ಡಿನೊಳಗಿನ ಗಾಳಿಯ ಬಾಗಿಲಿನದ್ದೋ ಅದರ ಕೇಬಲ್ಲಿನದ್ದೋ. ಒಂದು ಬಿಸಿ, ಒಂದು ತಣ್ಣಗೆ ಎಂದರೆ ಗಾಳಿಗೆ ಬಿಸಿ ಕೊಡುವ ಹೀಟರ್ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ಅದಕ್ಕೆ ಕೂಲೆಂಟ್ ಬಿಡುವ ವಾಲ್ವ್ ಮುಚ್ಚಿದೆ. ಎಂಜಿನ್ನೇ ಸರಿಯಾಗಿ ಬಿಸಿಯಾಗದಿದ್ದರೆ ಥರ್ಮೋಸ್ಟಾಟ್ ನೋಡಿ. ಇವೆಲ್ಲವೂ ಹೊರಗಿನ ಕೆಲಸವೇ. ಎರಡು ಮೂರು ಸಲ ತುಂಬಿಸಿದರೂ ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದಿದ್ದರೆ, ಆಗ ಮಾತ್ರ ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವೆ ಸೀಲಿನಂತೆ ಕೂರುವ ಹೆಡ್ ಗ್ಯಾಸ್ಕೆಟ್ ಬಗ್ಗೆ ಮೆಕ್ಯಾನಿಕ್ ಹತ್ತಿರ ಮಾತಾಡಿ. ನಮಸ್ಕಾರ.