ಬಡಿದು ನೋಡಲು ಬರಬೇಕು

ಕೇಳುಗರಿಗೆ ನಮಸ್ಕಾರ. ಈ ಹೊತ್ತಿನಲ್ಲಿ ಹಾಸನದ ಸುತ್ತಮುತ್ತ ಯಾರು ಯಾರು ರೇಡಿಯೊ ಹಾಕಿಕೊಂಡಿರಬಹುದು ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ ಬಂದೆ. ಆಲೂರಿನ ಕಡೆ ಶುಂಠಿ ಹೊಲದ ಬದುವಿನಲ್ಲಿ ಒಬ್ಬರು, ಸಕಲೇಶಪುರದ ಕಾಫಿ ಕಣದಲ್ಲಿ ಒಬ್ಬರು, ಊರೊಳಗೆ ಒಗ್ಗರಣೆ ಹಾಕುತ್ತಾ ಅಡುಗೆಮನೆಯಲ್ಲಿ ಒಬ್ಬರು. ನನಗೆ ಕೊಟ್ಟಿರುವ ವಿಷಯ ಕೇಳಿದರೆ ನಿಮಗೆಲ್ಲ ರೇಡಿಯೊ ಆರಿಸಿಬಿಡೋಣ ಎನಿಸೀತು: 'ಸರ್ವವ್ಯಾಪಿ ನಗರ ಗಣಕೀಕರಣ ಮತ್ತು ವಿಶ್ವಾಸಾರ್ಹ ಡಿಜಿಟಲ್ ವ್ಯವಸ್ಥೆಗಳು'. ದಯವಿಟ್ಟು ಆರಿಸಬೇಡಿ. ಈ ಹೆಸರನ್ನು ಇಟ್ಟವನು ನಾನಲ್ಲ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಅದಕ್ಕೆ ಒಂದು ಮಣ್ಣಿನ ಮಡಕೆ ಇದ್ದರೆ ಸಾಕು.

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಏನು ಮಾಡುತ್ತೇವೆ? ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೇವೆ. ಠಣ್ ಎಂದರೆ ಗಟ್ಟಿ, ಡಬ್ಬೆಂದರೆ ಎಲ್ಲೋ ಬಿರುಕು. ಕುಂಬಾರ ಎಷ್ಟೇ ಪರಿಚಿತನಾಗಿರಲಿ, ಬಡಿಯುತ್ತೇವೆ, ಅವನೂ ಬೇಸರಪಟ್ಟುಕೊಳ್ಳುವುದಿಲ್ಲ. ಹಲಸಿನ ಹಣ್ಣಿಗೂ ಅಷ್ಟೆ, ತೆಂಗಿನಕಾಯಿಗೂ ಅಷ್ಟೆ. ಮುಟ್ಟಲು ಬಿಡದ ಕುಂಬಾರನ ಹತ್ತಿರ ಯಾರೂ ಮಡಕೆ ಕೊಳ್ಳುವುದಿಲ್ಲ. ಕಂಪ್ಯೂಟರಿಗೂ ಇದೇ ನಿಯಮ. ಬಡಿದು ನೋಡಲು ಬರಬೇಕು. ಈ ಮಾತನ್ನು ಇನ್ನೂ ಹಲವು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ. ತರಗತಿಯಲ್ಲಿ ಹುಡುಗರು ಸಹಿಸಿಕೊಂಡಿದ್ದಾರೆ.

ಕಂಪ್ಯೂಟರ್ ಎಂದರೆ ಈಗಲೂ ನಮ್ಮ ಕಣ್ಣಿಗೆ ಬರುವುದು ಮೇಜಿನ ಮೇಲಿನ ಪೆಟ್ಟಿಗೆ. ಅಮೆರಿಕದಲ್ಲಿ ಮಾರ್ಕ್ ವೈಸರ್ ಎಂಬ ವಿಜ್ಞಾನಿ ಇದ್ದರು. ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಜೆರಾಕ್ಸ್ ಎಂದರೆ ನಮಗೆ ತಾಲ್ಲೂಕು ಕಚೇರಿಯ ಎದುರಿನ ಅಂಗಡಿ. ಅಲ್ಲಿ ಅದರ ಸಂಶೋಧನಾಲಯ ಜಗತ್ತನ್ನೇ ತಿರುಗಿಸಿತು, ಆ ಕಥೆ ಬೇರೆ. 1991ರ ಒಂದು ಲೇಖನದಲ್ಲಿ ಈ ವೈಸರ್, ಮುಂದೆ ಕಂಪ್ಯೂಟರು ಪೆಟ್ಟಿಗೆ ಬಿಟ್ಟು ಹೊರಗೆ ಬಂದು ಗೋಡೆ, ಸ್ವಿಚ್ಚು, ದಿನಬಳಕೆಯ ವಸ್ತುಗಳಲ್ಲೆಲ್ಲ ಸೇರಿಕೊಂಡು ಕಣ್ಣಿಗೆ ಕಾಣದಂತಾಗುತ್ತದೆ ಎಂದು ಬರೆದರು. ಹಾಗೆಯೇ ಆಯಿತು. ಆ ಉದ್ದ ಹೆಸರಿನ 'ಸರ್ವವ್ಯಾಪಿ' ಎಂದರೆ ಇದೇ. ವೃತ್ತದ ಕಂಬದ ಮೇಲಿನ ಕ್ಯಾಮೆರಾ, ಬಸ್ಸಿನ ಟಿಕೆಟ್ ಯಂತ್ರ, ಹಣ ಬಂತು ಎಂದು ತರಕಾರಿ ಅಂಗಡಿಯಲ್ಲಿ ಕೂಗುವ ಪೆಟ್ಟಿಗೆ, ಇವೆಲ್ಲ ಕಂಪ್ಯೂಟರುಗಳೇ. ಸಾರಿನಲ್ಲಿ ಉಪ್ಪು ಕರಗಿದ ಹಾಗೆ ಊರಿನಲ್ಲಿ ಕರಗಿವೆ. ಉಪ್ಪು ಸರಿಯಿದ್ದರೆ ಅದರ ನೆನಪೂ ಬರುವುದಿಲ್ಲ. ಏರುಪೇರಾದಾಗ ಮಾತ್ರ ಇಡೀ ಪಂಕ್ತಿಗೆ ಗೊತ್ತಾಗುತ್ತದೆ.

ನಮ್ಮ ಬಡಾವಣೆಗೆ ಗೊತ್ತಾದ ಬಗೆಯನ್ನು ಹೇಳುತ್ತೇನೆ.

ಊರಿನಾಚೆ ಅರವತ್ತು ಮನೆಗಳ ಬಡಾವಣೆ ನಮ್ಮದು. ಕಂಬಗಳ ಮೇಲೆ ಉಕ್ಕಿನ ಒಂದು ಟ್ಯಾಂಕು, ಒಂದು ಕೊಳವೆಬಾವಿ, ಒಬ್ಬ ನೀರುಗಂಟಿ. ಕೆರೆಯ ತೂಬು ಕಾಯುತ್ತಿದ್ದವರ ಹೆಸರು ಈಗ ವಾಲ್ವ್ ತಿರುಗಿಸುವವರಿಗೆ ಬಂದಿದೆ. ನನಗೆ ಆ ಪದ ಬಹಳ ಇಷ್ಟ. ಎರಡು ವರ್ಷಗಳ ಹಿಂದೆ ನಮ್ಮ ಸಂಘಕ್ಕೆ ಆಧುನಿಕವಾಗುವ ಉಮೇದು ಹತ್ತಿತು. ಟ್ಯಾಂಕಿನ ಮುಚ್ಚಳದ ಒಳಮೈಗೆ ನೀರಿನ ಮಟ್ಟ ಅಳೆಯುವ ಒಂದು ಸೆನ್ಸರ್ ಕೂರಿಸಿದರು. ಕೂರಿಸಿದ ಕಂಪನಿಯ ಹೆಸರು ಬೇಡ. ಆ ಸೆನ್ಸರ್ ನಮ್ಮ ಕಿವಿಗೆ ಕೇಳದಷ್ಟು ಕೀರಲು ಶಬ್ದವನ್ನು ಕೆಳಗೆ ಬಿಡುತ್ತದೆ. ಶಬ್ದ ನೀರಿಗೆ ತಗುಲಿ ಮರಳುತ್ತದೆ. ಮರಳಲು ಹಿಡಿದ ಹೊತ್ತಿನಿಂದ ನೀರು ಎಷ್ಟು ಕೆಳಗಿದೆ ಎಂಬ ಲೆಕ್ಕ. ಒಂದು ಮೀಟರ್ ಕೆಳಗಿದ್ದರೆ ಹೋಗಿ ಬರಲು ಸೆಕೆಂಡಿನ ಸಾವಿರದಲ್ಲಿ ಆರು ಪಾಲು ಸಾಕು. ಬಾವಲಿ ಕತ್ತಲಲ್ಲಿ ಹಾರುವುದೂ ಇದೇ ಉಪಾಯದಿಂದ. ಎಂಥ ಸೊಗಸು! ಸಂಘದ ಸಭೆಯಲ್ಲಿ ಎದ್ದು ನಿಂತು ಇದನ್ನೆಲ್ಲ ವಿವರಿಸಿ ಚಪ್ಪಾಳೆ ಗಿಟ್ಟಿಸಿದವನು ನಾನೇ.

ನೀರು ಇಳಿದರೆ ಮೋಟಾರು ತಾನೇ ಓಡುತ್ತಿತ್ತು, ತುಂಬಿದರೆ ತಾನೇ ನಿಲ್ಲುತ್ತಿತ್ತು. ಎಲ್ಲರ ಮೊಬೈಲಿನಲ್ಲೂ ನೀಲಿ ನೀರು ತುಂಬಿದ ಪುಟ್ಟ ಟ್ಯಾಂಕಿನ ಚಿತ್ರ. ಇನ್ನು ಇದು ಯಾಕೆ ಎಂದು ಮೋಟಾರು ಕೋಣೆಯ ಹಳೆಯ ಸ್ವಿಚ್ಚನ್ನು ಕಿತ್ತು ಹಾಕಿದರು. ಈ ಸ್ವಿಚ್ಚನ್ನು ನೆನಪಿಟ್ಟುಕೊಳ್ಳಿ. ನೀರುಗಂಟಿಯ ಕೆಲಸ ಅರ್ಧಕ್ಕೆ ಇಳಿಯಿತು, ಸಂಬಳವೂ ಇಳಿಯಿತು.

ಆರು ತಿಂಗಳು ಚೆನ್ನಾಗಿ ನಡೆಯಿತು. ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬುಸ್ ಎಂದು ಗಾಳಿ. ಮೊಬೈಲು ನೋಡಿದೆ: ಟ್ಯಾಂಕು ಶೇಕಡಾ 97 ತುಂಬಿದೆ. ಪಕ್ಕದ ಮನೆಯಲ್ಲಿ ಕೇಳಿದರೆ ಅಲ್ಲಿಯೂ ನೀರಿಲ್ಲ, ಅಲ್ಲಿಯೂ 97. ಕಂಪನಿಗೆ ಫೋನು ಮಾಡಿದೆವು. ಆ ಕಡೆಯ ಹುಡುಗಿ ಬಹಳ ವಿನಯದಿಂದ, "ಸರ್, ನಮ್ಮ ಪರದೆಯಲ್ಲೂ ಟ್ಯಾಂಕು ತುಂಬಿದೆ. ನಿಮ್ಮ ಮನೆಯ ಪೈಪನ್ನು ಪರೀಕ್ಷಿಸಿಕೊಳ್ಳಿ" ಎಂದಳು. ಒಂದೇ ಸೆನ್ಸರಿನ ಒಂದೇ ಸುಳ್ಳು ಅರವತ್ತು ಮೊಬೈಲುಗಳಲ್ಲಿ ಕಾಣುತ್ತಿತ್ತು. ನಾವು ಅದನ್ನು ಅರವತ್ತು ಸಾಕ್ಷಿಗಳೆಂದು ತಿಳಿದೆವು. ಇದನ್ನೇ ಪಾಠ ಹೇಳಿಕೊಂಡು ಬಂದ ನಾನೂ ತಿಳಿದೆ! ಪ್ಲಂಬರನ್ನು ಕರೆಸಿ ಎರಡು ಮನೆಗಳ ಮುಂದೆ ಗುಂಡಿ ತೋಡಿಸಿದೆವು. ಹಬ್ಬದ ದಿನ ದುಡ್ಡು ಕೊಟ್ಟು ಟ್ಯಾಂಕರ್ ತರಿಸಿದೆವು. ಎದುರು ಮನೆಯ ಅಜ್ಜಿ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತು, "ತುಂಬಿದ ಟ್ಯಾಂಕಿನ ಕೆಳಗೆ ನೀರಿಗೆ ನಿಲ್ಲುವ ಯೋಗ ಎಲ್ಲರಿಗೂ ಬರುವುದಿಲ್ಲ" ಎಂದರು. ಹೇಳಿದ್ದು ಗಾಳಿಗೆ, ನೋಡಿದ್ದು ನನ್ನನ್ನು.

ಹಬ್ಬಕ್ಕೆಂದು ತಮ್ಮ ಊರಿಗೆ ಹೋಗಿದ್ದ ನೀರುಗಂಟಿ ಮೂರನೆಯ ದಿನ ಬಂದರು. ನಾವು ಮೊಬೈಲು ತೋರಿಸಲು ಹೋದರೆ ಅವರು ನೋಡಲೇ ಇಲ್ಲ. ಸ್ಪ್ಯಾನರ್ ಹಿಡಿದು ಏಣಿ ಹತ್ತಿದರು. ಟ್ಯಾಂಕಿನ ಮೈಗೆ ಮೇಲಿನಿಂದ ಕೆಳಗಿನವರೆಗೆ ಬಡಿಯುತ್ತಾ ಇಳಿದರು. ಢಣ್, ಢಣ್, ಢಣ್. ತಳದವರೆಗೂ ಅದೇ ಪೊಳ್ಳು ಸದ್ದು. "ಸ್ವಾಮಿ, ಇದರಲ್ಲಿ ಸದ್ದು ಬಿಟ್ಟರೆ ಇನ್ನೇನೂ ಇಲ್ಲ" ಎಂದರು. ಮತ್ತೆ ಹತ್ತಿ ಮುಚ್ಚಳ ತೆಗೆದರೆ, ಸೆನ್ಸರಿನ ಬಾಯಿಗೆ ಅಡ್ಡಲಾಗಿ ಜೇಡ ದಟ್ಟವಾಗಿ ಬಲೆ ಹೆಣೆದಿತ್ತು, ಬಲೆಯ ತುಂಬ ಆವಿಯ ಹನಿಗಳು. ಸೆನ್ಸರ್ ಬಿಟ್ಟ ಶಬ್ದ ಅದಕ್ಕೇ ತಗುಲಿ ತಟ್ಟನೆ ಮರಳುತ್ತಿತ್ತು. ನೀರು ಕೈಗೆಟಕುವಷ್ಟು ಹತ್ತಿರವಿದೆ ಎಂದು ಯಂತ್ರದ ಲೆಕ್ಕ. ತುಂಬಿದ ಟ್ಯಾಂಕಿಗೆ ಮೋಟಾರು ಯಾಕೆ ಓಡಬೇಕು?

ಜೇಡನ ಮೇಲೆ ನನಗೆ ಸಿಟ್ಟಿಲ್ಲ. ಸೆನ್ಸರಿನ ಮೇಲೂ ಇಲ್ಲ. ಎಲ್ಲ ಸೆನ್ಸರುಗಳೂ ಒಂದಲ್ಲ ಒಂದು ದಿನ ತಪ್ಪುತ್ತವೆ. ನನ್ನ ಸಿಟ್ಟು ಆ ಹಳೆಯ ಸ್ವಿಚ್ಚನ್ನು ಕಿತ್ತವರ ಮೇಲೆ. ಅದಿದ್ದಿದ್ದರೆ ಮೊದಲ ದಿನವೇ ಕೈಯಿಂದ ಮೋಟಾರು ಹಾಕುತ್ತಿದ್ದೆವು. ಬಡಿದು ನೋಡಲು ಬರಬೇಕು, ತಪ್ಪು ಕಂಡರೆ ಕೈಯಿಂದ ತಿದ್ದಲೂ ಬರಬೇಕು. ನಂಬಿಕಸ್ಥ ವ್ಯವಸ್ಥೆ ಎಂದು ನಮ್ಮ ಸಂಶೋಧಕರು ದೊಡ್ಡ ದೊಡ್ಡ ಪ್ರಬಂಧಗಳಲ್ಲಿ ಹುಡುಕುತ್ತಿರುವುದರ ತಿರುಳು ಇದೇ. ಎರಡು ಬೇರೆ ಬೇರೆ ಜಾತಿಯ ಸಾಕ್ಷಿ ಇರಲಿ, ಏನು ನಡೆಯಿತು ಎಂಬುದಕ್ಕೆ ಯಾರೂ ಅಳಿಸಲಾಗದ ದಾಖಲೆ ಇರಲಿ, ಕೊನೆಗೆ ಮನುಷ್ಯನ ಕೈಗೆ ಒಂದು ಸ್ವಿಚ್ಚು ಇರಲಿ.

ನಮ್ಮೂರಿನ ಎಂಸಿಎಫ್ ನೋಡಿ, ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 1982ರಿಂದ ಹಾಸನದಲ್ಲಿ ಕುಳಿತು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಅಲ್ಲಿಗೆ ಏಣಿ ಹಾಕಲು ಆಗುವುದಿಲ್ಲ. ಆದ್ದರಿಂದ ಉಪಗ್ರಹ ತನ್ನ ಬ್ಯಾಟರಿ ಹೇಗಿದೆ, ಮೈ ಎಷ್ಟು ಬಿಸಿಯಿದೆ ಎಂದು ಹಗಲಿರುಳೂ ವರದಿ ಒಪ್ಪಿಸುತ್ತಿರಬೇಕು. ಅಷ್ಟು ದೂರದಿಂದಲೂ ಬಡಿದು ನೋಡುವ ಜನ ನಮ್ಮೂರಿನಲ್ಲೇ ಇದ್ದಾರೆ. ನಮ್ಮ ಬಡಾವಣೆಯ ಟ್ಯಾಂಕು ಇದ್ದದ್ದು ನಲವತ್ತು ಅಡಿ ಎತ್ತರದಲ್ಲಿ.

ಬಡಿದು ನೋಡದಿದ್ದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಬ್ರಿಟನ್ನಿನ ಕಥೆಯಿದೆ. ಅಲ್ಲಿನ ಪೋಸ್ಟ್ ಆಫೀಸ್ ಸಂಸ್ಥೆ 1999ರಲ್ಲಿ 'ಹೊರೈಜನ್' ಎಂಬ ಲೆಕ್ಕದ ಕಂಪ್ಯೂಟರ್ ವ್ಯವಸ್ಥೆಯನ್ನು ತಂದಿತು. ಹಳ್ಳಿ ಹಳ್ಳಿಯ ಸಣ್ಣ ಅಂಚೆ ಕಚೇರಿಗಳಲ್ಲಿ ಸಂಜೆ ಲೆಕ್ಕ ಮಾಡಿದರೆ ಹಣ ಕಡಿಮೆ. ಹಣ ಎಲ್ಲಿಗೂ ಹೋಗಿರಲಿಲ್ಲ, ಲೆಕ್ಕವೇ ತಪ್ಪಾಗಿತ್ತು. ಆದರೆ ಕಂಪ್ಯೂಟರು ಸುಳ್ಳು ಹೇಳುವುದಿಲ್ಲ, ನೀವೇ ಕದ್ದಿರಬೇಕು ಎಂದು ಆ ಕಚೇರಿಗಳನ್ನು ನಡೆಸುತ್ತಿದ್ದವರಿಗೆ ಸಂಸ್ಥೆಯವರು ಹೇಳಿದರು. 900ಕ್ಕಿಂತ ಹೆಚ್ಚು ಜನರಿಗೆ ನ್ಯಾಯಾಲಯದಲ್ಲಿ ಅಪರಾಧಿಗಳೆಂಬ ಹಣೆಪಟ್ಟಿ ಬಂತು, ಕೆಲವರು ಜೈಲಿಗೆ ಹೋದರು, ಮನೆ ಮಾರಿದವರಿದ್ದಾರೆ. ಇಂಥ ತೊಂದರೆ ನಿಮ್ಮೊಬ್ಬರಿಗೇ ಬಂದಿರುವುದು ಎಂದು ಹಲವರಿಗೆ ಹೇಳಿದ್ದರಂತೆ. ವ್ಯವಸ್ಥೆಯಲ್ಲಿ ದೋಷಗಳಿದ್ದವು ಎಂದು ಹೈಕೋರ್ಟು ಹೇಳಿದ್ದು 2019ರಲ್ಲಿ. ಆ ಶಿಕ್ಷೆಗಳನ್ನು ರದ್ದುಮಾಡಲು 2024ರಲ್ಲಿ ಪಾರ್ಲಿಮೆಂಟು ವಿಶೇಷ ಕಾಯ್ದೆಯನ್ನೇ ತರಬೇಕಾಯಿತು. ಕಾಲು ಶತಮಾನ! ಅವರಿಗೆ ಒಬ್ಬ ನೀರುಗಂಟಿ ಇರಲಿಲ್ಲ.

ಗಾಜಿನಾಚೆಯ ಮಿತ್ರರು ಕೈ ಮೇಲೆತ್ತಿ ಗಡಿಯಾರ ತೋರಿಸುತ್ತಿದ್ದಾರೆ. ಜೇಡ ನನ್ನ ಸಮಯವನ್ನೆಲ್ಲ ತಿಂದಿತು. ಇನ್ನು ಉಳಿದದ್ದನ್ನು ಓಡಿಕೊಂಡೇ ಹೇಳುತ್ತೇನೆ.

ಬರ್ಲಿನ್ನಿನ ಕಲಾವಿದ ಸೈಮನ್ ವೆಕರ್ಟ್ 2020ರಲ್ಲಿ 99 ಹಳೆಯ ಮೊಬೈಲುಗಳನ್ನು ಒಂದು ಪುಟ್ಟ ಕೈಗಾಡಿಯಲ್ಲಿ ತುಂಬಿಕೊಂಡು ಖಾಲಿ ಬೀದಿಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋದುದನ್ನು ತೋರಿಸಿದರು. ಗೂಗಲ್ ನಕ್ಷೆಯಲ್ಲಿ ಆ ಬೀದಿ ಕೆಂಪಾಯಿತು, ವಾಹನ ದಟ್ಟಣೆಯಂತೆ. ಹೊರಗೆ ಇಣುಕಿದವರಿಗೆ ಕಂಡದ್ದು ಒಬ್ಬ ಮನುಷ್ಯ, ಒಂದು ಗಾಡಿ.

ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆನೆಯ ಕೊರಳಿಗೆ ಅದು ಎಲ್ಲಿದೆ ಎಂದು ತಿಳಿಸುವ ರೇಡಿಯೊ ಕಾಲರ್, ಆನೆ ಬಂದಿದೆ ಎಂದು ಮೊಬೈಲಿಗೆ ಸಂದೇಶ. ಆ ಸಂದೇಶಕ್ಕೆ ಬೆಲೆ ಇರುವುದು ಯಾಕೆ ಗೊತ್ತೇ? ಬೆಳಿಗ್ಗೆ ತೋಟಕ್ಕೆ ಹೋದರೆ ಲದ್ದಿ ಇದೆಯೋ ಇಲ್ಲವೋ ನಿಮಗೇ ಕಾಣುತ್ತದೆ. ಲದ್ದಿಗಿಂತ ಒಳ್ಳೆಯ ಲೆಕ್ಕಪರಿಶೋಧನೆ ಇಲ್ಲ. ನಾಲ್ಕು ಸಲ ಸಂದೇಶ ಸುಳ್ಳಾದರೆ ಐದನೆಯ ಸಲ ನೀವು ಹೊದಿಕೆ ಎಳೆದುಕೊಂಡು ಮಲಗುತ್ತೀರಿ. ಅವತ್ತೇ ಆನೆ ಬರುತ್ತದೆ.

ಮನೆಯಲ್ಲಿ ಕ್ಯಾಮೆರಾ ಹಾಕಿಸಿಕೊಂಡವರು ಅದರ ಜೊತೆಗೆ ಬಂದ ಪಾಸ್‌ವರ್ಡನ್ನು ಇವತ್ತೇ ಬದಲಾಯಿಸಿ, ನಾಳೆ ಎನ್ನಬೇಡಿ. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ ಇಂಥ ಬದಲಾಯಿಸದ ಪಾಸ್‌ವರ್ಡುಗಳ ಕ್ಯಾಮೆರಾ ಮೊದಲಾದ ಸಾಧನಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡಿತು. ಆ ಅಕ್ಟೋಬರಿನಲ್ಲಿ ಒಂದು ದಿನ ಅಮೆರಿಕದ ಬಹುಭಾಗದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಸಿಗದಂತೆ ಮಾಡಿದ್ದು ಅದೇ. ಕ್ಯಾಮೆರಾಗಳ ಯಜಮಾನರಿಗೆ ಸುದ್ದಿಯೇ ಇರಲಿಲ್ಲ.

ಕಾನೂನಿನ ವಿಷಯಕ್ಕೆ ಅರ್ಧ ನಿಮಿಷ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. 2023ರಲ್ಲಿ ಬಂದ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ನನ್ನ ಬಗ್ಗೆ ಏನು ಬರೆದಿಟ್ಟುಕೊಂಡಿದ್ದೀರಿ ಎಂದು ಕೇಳುವ ಹಕ್ಕು, ತಪ್ಪಿದ್ದರೆ ತಿದ್ದಿಸುವ ಹಕ್ಕು ಎರಡನ್ನೂ ಸೇರಿಸಿದ್ದಾರೆ. ಬಡಿದು ನೋಡುವ ಹಕ್ಕು ಎಂದೇ ಇಟ್ಟುಕೊಳ್ಳಿ. ಆನ್‌ಲೈನಿನಲ್ಲಿ ಯಾರಾದರೂ ನಿಮ್ಮ ಹಣ ಹೊಡೆದರೆ ಆ ಕ್ಷಣವೇ 1930ಕ್ಕೆ ಫೋನು ಮಾಡಿ.

ಟ್ಯಾಂಕಿನ ಕಥೆ ಅರ್ಧಕ್ಕೇ ನಿಂತಿತು, ಮುಗಿಸಿಬಿಡುತ್ತೇನೆ. ಸೆನ್ಸರನ್ನು ತೆಗೆಸಲಿಲ್ಲ, ಅದು ಈಗಲೂ ಇದೆ. ಹಳೆಯ ಸ್ವಿಚ್ಚು ಗೋಡೆಗೆ ವಾಪಸು ಬಂದಿದೆ. ನೀರುಗಂಟಿಯ ಸಂಬಳವನ್ನು ಮೊದಲಿನಷ್ಟೇ ಮಾಡಿಸಿದೆವು, ಅದಕ್ಕೆ ಎರಡು ಸಭೆ ಬೇಕಾದವು. ಅವರೇ ಪೇಟೆಗೆ ಹೋಗಿ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ತಂದು ಟ್ಯಾಂಕಿನ ತಳದಿಂದ ಮೇಲಿನವರೆಗೆ ಹೊರಮೈಗೆ ಕಟ್ಟಿ, ಅದರೊಳಗೆ ಒಂದು ಕೆಂಪು ಗುಂಡು ತೇಲಿಬಿಟ್ಟಿದ್ದಾರೆ. ಶಾಲೆಯಿಂದ ಬರುವ ಮಕ್ಕಳು ಕತ್ತೆತ್ತಿ ಗುಂಡು ಎಲ್ಲಿದೆ ಎಂದು ನೋಡಿ ಮನೆಯಲ್ಲಿ ಹೇಳುತ್ತಾರೆ. ಎದುರು ಮನೆಯ ಅಜ್ಜಿಗೆ ಕನ್ನಡಕ ಹಾಕಿಕೊಂಡರೆ ಜಗಲಿಯಿಂದಲೇ ಕಾಣುತ್ತದೆಯಂತೆ. ನಮಸ್ಕಾರ.