ಮೂರನೆಯ ಸಾಲಿನಿಂದ ಕೇಳಿದ ಸಂಗೀತ

ಕೇಳುಗ ಮಿತ್ರರೆ, ನಮಸ್ಕಾರ.

ಸಂಗೀತ ಕಛೇರಿಗಳ ನೆನಪನ್ನು ಹೇಳಲು ಹೊರಟವರು ಸಾಮಾನ್ಯವಾಗಿ ಯಾರು ಹಾಡಿದರು, ಏನು ಹಾಡಿದರು ಎಂಬುದರಿಂದ ಆರಂಭಿಸುತ್ತಾರೆ. ನಾನು ಎಲ್ಲಿ ಹಾಡಿದರು ಎಂಬುದರಿಂದ ಆರಂಭಿಸುತ್ತೇನೆ. ಕಲಾವಿದರ ಮುಖವನ್ನು ಪರದೆಯ ಮೇಲೆ ಹತ್ತಾರು ಪಟ್ಟು ಹಿಗ್ಗಿಸಿ ತೋರಿಸುವ ಮೈದಾನಗಳಲ್ಲಿಯೂ, ಸಾವಿರಾರು ಆಸನಗಳ ಭವನಗಳಲ್ಲಿಯೂ ನಾನು ಸಂಗೀತ ಕೇಳಿದ್ದೇನೆ. ಅವುಗಳಲ್ಲಿ ಹಲವು ನಿಜಕ್ಕೂ ಒಳ್ಳೆಯ ಕಾರ್ಯಕ್ರಮಗಳೇ ಆಗಿದ್ದವು. ಆದರೂ ಮನಸ್ಸಿನಲ್ಲಿ ಬೇರೂರಿ ಕುಳಿತಿರುವುದು ಇನ್ನೂರು ಮುನ್ನೂರು ಜನರಿಗಷ್ಟೇ ಜಾಗವಿದ್ದ ಸಣ್ಣ ಸಭಾಂಗಣಗಳಲ್ಲಿ, ವೇದಿಕೆಗೆ ಹತ್ತಿರ ಕುಳಿತು ಕೇಳಿದ ಸಂಗೀತ. ಇದನ್ನು ಹಳೆಯದರ ಮೇಲಿನ ಮೋಹವೆಂದು ತಳ್ಳಿಹಾಕುವುದು ಸುಲಭ. ಅಂಥ ಮೋಹ ಸ್ವಲ್ಪ ಇದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ; ಆದರೆ ಕಾರಣಗಳಲ್ಲಿ ಅರ್ಧದಷ್ಟಾದರೂ ಗೋಡೆ, ಗಾಳಿ ಮತ್ತು ಕಿವಿಗಳಿಗೆ ಸಂಬಂಧಿಸಿದವು ಎಂಬುದು ನನ್ನ ನಂಬಿಕೆ.

ಸಣ್ಣ ಸಭಾಂಗಣದಲ್ಲಿ ಕಛೇರಿಯು ಮೊದಲ ಹಾಡಿಗಿಂತ ಮುಂಚೆಯೇ ಆರಂಭವಾಗಿರುತ್ತದೆ. ಮೃದಂಗದವರು ಬಟ್ಟಲಿನಲ್ಲಿ ರವೆಯನ್ನು ನೀರಿನಲ್ಲಿ ಕಲಸಿ, ಆ ಮುದ್ದೆಯನ್ನು ವಾದ್ಯದ ಎಡ ಮುಖದ ನಡುವೆ ಒತ್ತಿ ಹಚ್ಚುತ್ತಾರೆ; ಒಂದೆರಡು ಸಲ ತಟ್ಟಿ ನೋಡಿ, ಗುಂಕಾರ ಸಾಲದೆನಿಸಿದರೆ ಇನ್ನಷ್ಟು ಸೇರಿಸುತ್ತಾರೆ, ಹೆಚ್ಚಾಯಿತೆನಿಸಿದರೆ ಬೆರಳಿನಿಂದ ಕೆರೆದು ತೆಗೆಯುತ್ತಾರೆ. ಆಮೇಲೆ ಬಲ ಮುಖದ ಸರದಿ. ಕೈಯಲ್ಲಿ ಒಂದು ಗುಂಡುಕಲ್ಲು, ಒಂದು ಮರದ ಕಡ್ಡಿ. ಅಂಚಿನ ಹೆಣಿಗೆಯನ್ನು ಮೇಲಿನಿಂದ ಬಡಿದರೆ ಚರ್ಮ ಬಿಗಿದು ಶ್ರುತಿ ಏರುತ್ತದೆ, ಕೆಳಗಿನಿಂದ ಬಡಿದರೆ ಸಡಿಲಗೊಂಡು ಇಳಿಯುತ್ತದೆ. ಒಂದು ಕಡೆ ಸರಿಹೋದಾಗ ಇನ್ನೊಂದು ಕಡೆ ತಪ್ಪಿರುತ್ತದೆ. ಸುತ್ತಲೂ ಒಂದೇ ಸ್ವರ ಬರುವವರೆಗೆ ವಾದ್ಯವನ್ನು ತಿರುಗಿಸಿ ತಿರುಗಿಸಿ ನೋಡಬೇಕು. ಪಿಟೀಲಿನವರು ತಲೆ ಬಗ್ಗಿಸಿ ಬಿರಡೆ ತಿರುಗಿಸುತ್ತಿರುತ್ತಾರೆ. ಮೂರನೆಯ ಸಾಲಿನಲ್ಲಿ ಕುಳಿತವನಿಗೆ ಈ ಎಲ್ಲ ವ್ಯವಹಾರವೂ ಕಾಣುತ್ತದೆ, ಕೇಳುತ್ತದೆ. ದೊಡ್ಡ ಭವನಗಳಲ್ಲಿ ಇದನ್ನು ತೆರೆಯ ಹಿಂದೆಯೇ ಮುಗಿಸಿಬಿಡುತ್ತಾರೆ. ಪ್ರೇಕ್ಷಕರ ಸಮಯ ಉಳಿಸುವ ಸದುದ್ದೇಶದಿಂದಲೇ ಇರಬಹುದು, ಆದರೆ ಶ್ರುತಿ ಸೇರುವ ಆ ಕ್ಷಣವನ್ನು ಕಿವಿಯಾರೆ ಕೇಳುವ ಸುಖ ನಮಗೆ ತಪ್ಪಿಹೋಗುತ್ತದೆ.

ಹೀಗೆ ಸೇರಿಸಿದ ಶ್ರುತಿ ಕಛೇರಿಯುದ್ದಕ್ಕೂ ನಿಲ್ಲುವುದಿಲ್ಲ. ಜನ ತುಂಬಿದಂತೆ ಕೊಠಡಿ ಬಿಸಿಯಾಗುತ್ತದೆ. ಬಿಸಿಗಾಳಿಯಲ್ಲಿ ಶಬ್ದದ ವೇಗ ಹೆಚ್ಚುವುದರಿಂದ ಕೊಳಲಿನ ಶ್ರುತಿ ತುಸು ಏರುತ್ತದೆ; ಅದೇ ಶಾಖಕ್ಕೆ ಲೋಹದ ತಂತಿ ಹಿಗ್ಗಿ ಅದರ ಶ್ರುತಿ ಇಳಿಯುತ್ತದೆ; ತೇವಾಂಶಕ್ಕೆ ಚರ್ಮವಾದ್ಯ ಸಡಿಲವಾಗುತ್ತದೆ. ಒಂದೇ ವೇದಿಕೆಯ ಮೇಲೆ ಕುಳಿತ ಮೂವರ ವಾದ್ಯಗಳು ಮೂರು ದಿಕ್ಕಿಗೆ ಹೊರಟಿರುತ್ತವೆ. ಎರಡು ಹಾಡುಗಳ ನಡುವೆ ಕಲಾವಿದರು ಮತ್ತೆ ಶ್ರುತಿ ಸೇರಿಸುವಾಗ ಗಡಿಯಾರ ನೋಡಿಕೊಳ್ಳುವವರಿಗೆ ಒಂದು ವಿಷಯ ನೆನಪಿಸಬೇಕು: ಆ ಶಾಖದಲ್ಲಿ ನಮ್ಮೆಲ್ಲರ ಮೈಬಿಸಿಯ ಪಾಲೂ ಇರುತ್ತದೆ.

ಕೇಳುಗರ ಪಾತ್ರ ಇಷ್ಟಕ್ಕೇ ಮುಗಿಯುವುದಿಲ್ಲ ಎಂಬುದನ್ನು ಅಳೆದು ತೋರಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ವಾಲೇಸ್ ಸಬೀನ್. ಅಲ್ಲಿನ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಮಿಕ್ಕಿ ಗೋಡೆಯಿಂದ ಗೋಡೆಗೆ ಮರುದನಿಸುತ್ತಿದ್ದುದರಿಂದ, ಹಿಂದಿನ ಮಾತು ಮುಂದಿನ ಮಾತಿನ ಮೇಲೆ ಬಿದ್ದು ಉಪನ್ಯಾಸ ಯಾರಿಗೂ ತಿಳಿಯುತ್ತಿರಲಿಲ್ಲ. 1895ರಲ್ಲಿ ಈ ತೊಂದರೆಗೆ ಪರಿಹಾರ ಹುಡುಕುವ ಹೊಣೆ ಯುವಕನಾಗಿದ್ದ ಸಬೀನ್ ಅವರ ಮೇಲೆ ಬಿತ್ತು. ಅವರು ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಕೊಠಡಿಯಲ್ಲಿ ಹರಡಿ, ಆರ್ಗನ್ ವಾದ್ಯದ ಒಂದು ಕೊಳವೆಯನ್ನು ನುಡಿಸಿ, ನಾದ ಅಡಗಲು ಹಿಡಿಯುವ ಕಾಲವನ್ನು ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ಮತ್ತೆ ಅವುಗಳ ಜಾಗಕ್ಕೆ ಮುಟ್ಟಿಸುತ್ತಿದ್ದರು. ಮೆತ್ತೆಗಳು ಹೆಚ್ಚಿದಷ್ಟೂ ಅನುರಣನದ ಕಾಲ ಕಡಿಮೆಯಾಗುತ್ತಿತ್ತು. ಮೆತ್ತೆಯಂತೆಯೇ ಮನುಷ್ಯ ದೇಹವೂ, ಅದು ತೊಟ್ಟ ಬಟ್ಟೆಯೂ ನಾದವನ್ನು ಹೀರುತ್ತವೆ. ಈ ಪ್ರಯೋಗಗಳಿಂದ ಹೊರಟ ಸೂತ್ರವನ್ನು ಆಧರಿಸಿ ಸಬೀನ್ ನೀಡಿದ ಸಲಹೆಯಂತೆ ರೂಪುಗೊಂಡ ಬಾಸ್ಟನ್ ನಗರದ ಸಿಂಫನಿ ಭವನವು 1900ರಲ್ಲಿ ಬಾಗಿಲು ತೆರೆಯಿತು; ಜಗತ್ತಿನ ಅತ್ಯುತ್ತಮ ನಾದಗುಣದ ಭವನಗಳಲ್ಲಿ ಒಂದೆಂದು ಅದನ್ನು ಇಂದಿಗೂ ಹೇಳುತ್ತಾರೆ.

ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ತಾಲೀಮು ನಡೆಸಿ, ಧ್ವನಿ ಎಷ್ಟು ತುಂಬಿಕೊಂಡು ಬರುತ್ತಿದೆ ಎಂದು ಸಂತೋಷಪಟ್ಟ ಗಾಯಕರು ಸಂಜೆ ಜನ ತುಂಬಿದ ಮೇಲೆ ಮುಖ ಚಿಕ್ಕದು ಮಾಡಿಕೊಳ್ಳುವುದು ಇದೇ ಕಾರಣಕ್ಕೆ. ಗೋಡೆ ಹಿಂದಿರುಗಿಸುತ್ತಿದ್ದ ನಾದವನ್ನು ಈಗ ಕುಳಿತವರ ಅಂಗಿ, ಸೀರೆ, ಶಾಲುಗಳು ಹೀರಿಕೊಂಡಿರುತ್ತವೆ. ದೊಡ್ಡ ಭವನದಲ್ಲಿ ಐವತ್ತು ಜನ ಹೆಚ್ಚಾದರೂ ಕಡಿಮೆಯಾದರೂ ಕಿವಿಗೆ ತಿಳಿಯದು. ಸಣ್ಣ ಕೊಠಡಿಯಲ್ಲಿ ಹಾಗಲ್ಲ. ಮಳೆಯ ಸಂಜೆ ಅರ್ಧ ಕುರ್ಚಿಗಳು ಖಾಲಿ ಉಳಿದಾಗ ಅದೇ ಗಾಯಕರ ಅದೇ ರಾಗ ಬೇರೆಯದೇ ಮೈಕಟ್ಟಿನಲ್ಲಿ ಕೇಳಿಸುತ್ತದೆ. ಜನ ಕಡಿಮೆ ಬಂದ ಕಛೇರಿಗಳನ್ನು ಸಂಘಟಕರು ನೆನೆಸಿಕೊಳ್ಳಲು ಇಷ್ಟಪಡುವುದಿಲ್ಲ. ನನ್ನ ಮೆಚ್ಚಿನ ನೆನಪುಗಳಲ್ಲಿ ಅವುಗಳ ಸಂಖ್ಯೆ ದೊಡ್ಡದು.

ದೂರದ ವಿಷಯವನ್ನೂ ಹೇಳಬೇಕು. ಶಬ್ದವು ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯಿಂದ 100 ಮೀಟರ್ ದೂರದಲ್ಲಿ ಕುಳಿತವನಿಗೆ ಅಲ್ಲಿಂದ ಹೊರಟ ಪೆಟ್ಟು ಕೇಳಿಸುವುದು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಡವಾಗಿ. ಕೈ ಬಿದ್ದದ್ದು ಕಣ್ಣಿಗೆ ಮೊದಲು ಕಾಣುತ್ತದೆ, ನಾದ ಹಿಂದಿನಿಂದ ಬರುತ್ತದೆ. ಹತ್ತು ಮೀಟರಿನೊಳಗೆ ಈ ಅಂತರ ಇಲ್ಲವೆಂದೇ ಹೇಳಬಹುದು. ಗಾಯಕರು ದೀರ್ಘ ಸಂಚಾರಕ್ಕೆ ಮುನ್ನ ಎಳೆದುಕೊಳ್ಳುವ ಉಸಿರು, ಪಿಟೀಲಿನ ಕಮಾನು ತಿರುಗುವಾಗಿನ ಸಣ್ಣ ಕೆರೆತ, ಪಕ್ಕವಾದ್ಯದವರು ತಮ್ಮೊಳಗೇ ಹೇಳಿಕೊಂಡ ಒಂದು ‘ಭೇಷ್’, ಇವೆಲ್ಲ ಅಷ್ಟು ಹತ್ತಿರದವರಿಗೆ ಮಾತ್ರ ದಕ್ಕುವ ಸಂಗತಿಗಳು. ಒಮ್ಮೆ ಅಂಥ ಸಭೆಯೊಂದರಲ್ಲಿ ವಿದ್ಯುತ್ ಹೋಗಿ ಧ್ವನಿವರ್ಧಕ ನಿಂತುಹೋಯಿತು. ಗಾಯಕಿ ಹಾಡು ನಿಲ್ಲಿಸಲಿಲ್ಲ. ಹಿಂದಿನ ಸಾಲಿನವರು ಸದ್ದಿಲ್ಲದೆ ಎದ್ದು ಮುಂದೆ ಬಂದು ನೆಲದ ಮೇಲೆ ಕುಳಿತರು. ವಿದ್ಯುತ್ ಬಂದಾಗ ಧ್ವನಿವರ್ಧಕವನ್ನು ಮತ್ತೆ ಹಾಕುವುದು ಬೇಡವೆಂದು ಗಾಯಕಿಯೇ ಕೈಸನ್ನೆ ಮಾಡಿದರು. ಆ ಕೊಠಡಿಗೆ ಅದು ಮೊದಲಿನಿಂದಲೂ ಬೇಕಿರಲಿಲ್ಲ ಎಂಬುದು ಅಂದು ಎಲ್ಲರಿಗೂ ತಿಳಿಯಿತು. ಮುಂದಿನ ಕಛೇರಿಗೆ ಅದು ಹಿಂದಿನಷ್ಟೇ ಅಬ್ಬರದೊಂದಿಗೆ ಮರಳಿ ಬಂದಿತ್ತು, ಅದು ಬೇರೆ ಮಾತು.

ಸಂಗೀತದ ಚರಿತ್ರೆಯಲ್ಲಿ ಹೆಸರಾದ ಸಣ್ಣ ತಾಣಗಳನ್ನು ನೋಡಿದರೆ, ಅನೇಕವು ಸಂಗೀತಕ್ಕೆಂದು ಕಟ್ಟಿದವಲ್ಲ. ಲಿವರ್‌ಪೂಲಿನ ಮ್ಯಾಥ್ಯೂ ಬೀದಿಯ ಕ್ಯಾವರ್ನ್ ಕ್ಲಬ್ ಒಂದು ಉಗ್ರಾಣದ ನೆಲಮಾಳಿಗೆ. 1957ರ ಜನವರಿಯಲ್ಲಿ ಅದು ತೆರೆದದ್ದು ಜಾಜ್ ಸಂಗೀತಕ್ಕಾಗಿ. ಬೀಟಲ್ಸ್ ತಂಡ 1961ರಿಂದ 1963ರ ಆಗಸ್ಟ್‌ವರೆಗೆ ಅಲ್ಲಿ ಸುಮಾರು 290 ಸಲ ನುಡಿಸಿತು. ಅವುಗಳಲ್ಲಿ ಬಹಳಷ್ಟು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬರುತ್ತಿದ್ದ ಕಚೇರಿ ನೌಕರರಿಗಾಗಿ ನಡೆದವು. ಇಟ್ಟಿಗೆಯ ಕಮಾನುಗಳ ಕೆಳಗೆ ಗಾಳಿಯಾಡದೆ, ಜನರ ಬೆವರೇ ಹಬೆಯಾಗಿ ಗೋಡೆಗಳಿಂದ ತೊಟ್ಟಿಕ್ಕುತ್ತಿತ್ತೆಂದು ಅಲ್ಲಿಗೆ ಹೋಗಿದ್ದವರು ಹೇಳುತ್ತಾರೆ, ಮತ್ತು ಅದನ್ನು ಅಕ್ಕರೆಯಿಂದಲೇ ಹೇಳುತ್ತಾರೆ. 1973ರಲ್ಲಿ ರೈಲುಮಾರ್ಗದ ಕಾಮಗಾರಿಗಾಗಿ ಅದನ್ನು ಮುಚ್ಚಿದರು. 1984ರಲ್ಲಿ ಅದೇ ಬೀದಿಯಲ್ಲಿ, ಹಳೆಯ ಇಟ್ಟಿಗೆಗಳಲ್ಲಿ ಎಷ್ಟೋ ಇಟ್ಟಿಗೆಗಳನ್ನು ಬಳಸಿ ಮತ್ತೆ ಕಟ್ಟಿದರು.

ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ 1935ರಿಂದ ಇರುವ ಇನ್ನೊಂದು ನೆಲಮಾಳಿಗೆ. ನೂರಿಪ್ಪತ್ತಕ್ಕಿಂತ ಹೆಚ್ಚು ಜನಕ್ಕೆ ಅಲ್ಲಿ ಜಾಗವಾಗುವುದು ಕಷ್ಟ. ಕೊಠಡಿಯೂ ಸರಿಸುಮಾರು ತ್ರಿಕೋನಾಕಾರದ್ದು. ಪಿಯಾನೋ ವಾದಕ ಬಿಲ್ ಇವಾನ್ಸ್ ಅವರ ಮೂವರ ತಂಡ 1961ರ ಜೂನ್ 25ರ ಭಾನುವಾರ ಅಲ್ಲಿ ನುಡಿಸಿದ್ದನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಆ ಮುದ್ರಿಕೆಯಲ್ಲಿ ಪಿಯಾನೋದ ಅತಿ ಸೂಕ್ಷ್ಮವಾದ ಸ್ವರಗಳ ಹಿಂದೆ ಗಾಜಿನ ಲೋಟಗಳು ತಾಗುವ ಸದ್ದು, ಮೇಜಿನ ಬಳಿ ಯಾರೋ ಹರಟೆ ಹೊಡೆಯುತ್ತಿರುವ ಸದ್ದು ಸ್ಪಷ್ಟವಾಗಿ ಕೇಳಿಸುತ್ತವೆ. ಹನ್ನೊಂದು ದಿನಗಳ ನಂತರ ಆ ತಂಡದ ಬಾಸ್ ವಾದಕ ಸ್ಕಾಟ್ ಲಫಾರೊ, 25ರ ವಯಸ್ಸಿನಲ್ಲಿ, ಕಾರು ಅಪಘಾತದಲ್ಲಿ ತೀರಿಕೊಂಡರು. ಅಂದು ಹರಟೆ ಹೊಡೆದವರ ಮೇಲೆ ಕೆಲವು ರಸಿಕರಿಗೆ ಇಂದಿಗೂ ಸಿಟ್ಟಿದೆ. ನನಗಿಲ್ಲ. ಆ ಸದ್ದುಗಳನ್ನು ಯಂತ್ರದಿಂದ ಅಳಿಸಿ ಕೊಟ್ಟರೆ ನಾನು ಆ ಮುದ್ರಿಕೆಯನ್ನು ಕೊಳ್ಳಲಾರೆ, ಏಕೆಂದರೆ ಅಳಿಸಿದ ಮೇಲೆ ಉಳಿಯುವ ಸಂಗೀತಕ್ಕೆ ಅದು ಹುಟ್ಟಿದ ಕೊಠಡಿಯೇ ಇರುವುದಿಲ್ಲ.

ಲಂಡನ್ನಿನ ವಿಗ್‌ಮೋರ್ ಭವನದ ಕಥೆ ಬೇರೆ ಬಗೆಯದು. ಸುಮಾರು 550 ಆಸನಗಳ ಆ ಭವನವನ್ನು ಜರ್ಮನಿಯ ಬೆಕ್‌ಸ್ಟೈನ್ ಪಿಯಾನೋ ಕಂಪನಿ ತನ್ನ ಮಾರಾಟ ಮಳಿಗೆಯ ಪಕ್ಕದಲ್ಲಿ ಕಟ್ಟಿಸಿ, 1901ರಲ್ಲಿ ತೆರೆಯಿತು. ಅಂದರೆ ವ್ಯಾಪಾರದ ಲೆಕ್ಕಾಚಾರದಿಂದ ಹುಟ್ಟಿದ ತಾಣ ಅದು. ಮೊದಲ ಮಹಾಯುದ್ಧದಲ್ಲಿ ಶತ್ರು ದೇಶದ ಆಸ್ತಿಯೆಂದು ಹರಾಜಾಗಿ, 1917ರಲ್ಲಿ ಹೊಸ ಹೆಸರಿನಿಂದ ಮತ್ತೆ ತೆರೆಯಿತು. ಕಡಿಮೆ ವಾದ್ಯಗಳ ಸಂಗೀತವನ್ನು ಕೇಳಲು ಅದಕ್ಕಿಂತ ಒಳ್ಳೆಯ ಜಾಗ ಅಪರೂಪವೆಂದು ಕಲಾವಿದರೇ ಹೇಳುವುದುಂಟು.

ಇಂಥ ತಾಣಗಳು ಮುಚ್ಚಿಹೋಗುವುದಕ್ಕೆ ಕೇಳುಗರ ಕೊರತೆ ಒಂದೇ ಕಾರಣವಲ್ಲ. ಬಾಡಿಗೆ ಏರುತ್ತದೆ, ಅಥವಾ ಪಕ್ಕದಲ್ಲಿ ಹೊಸದಾಗಿ ಎದ್ದ ವಸತಿ ಕಟ್ಟಡಕ್ಕೆ ಬಂದವರು, ಹತ್ತಾರು ವರ್ಷಗಳಿಂದ ಅಲ್ಲಿಯೇ ಇದ್ದ ಸಂಗೀತವನ್ನು ಗದ್ದಲವೆಂದು ದೂರುತ್ತಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ತಮ್ಮ ಯೋಜನಾ ನೀತಿಗಳಲ್ಲಿ ಒಂದು ತತ್ತ್ವವನ್ನು ಸೇರಿಸಿದವು: ಹೊಸದಾಗಿ ಕಟ್ಟುವವರೇ ಶಬ್ದ ತಡೆಯುವ ಏರ್ಪಾಡು ಮಾಡಿಕೊಳ್ಳಬೇಕು, ಮೊದಲೇ ಇದ್ದ ಸಂಗೀತದ ತಾಣವನ್ನು ಅದರ ಖರ್ಚಿಗೆ ಗುರಿಮಾಡಬಾರದು. ಇದು ನ್ಯಾಯವಾದ ಮಾತು. 2020ರಲ್ಲಿ ಸಾಂಕ್ರಾಮಿಕದಿಂದ ಎಲ್ಲೆಡೆ ವೇದಿಕೆಗಳು ಬರಿದಾದಾಗ ಅಮೆರಿಕದ ಸಂಸತ್ತು ಆ ವರ್ಷದ ಡಿಸೆಂಬರಿನಲ್ಲಿ ಮುಚ್ಚಿದ ರಂಗತಾಣಗಳಿಗಾಗಿ 1500 ಕೋಟಿ ಡಾಲರುಗಳ ನೆರವನ್ನು ಒಪ್ಪಿತು. ಅಷ್ಟರಲ್ಲಿ ಬೀಗ ಬಿದ್ದು ಹೋಗಿದ್ದ ಬಾಗಿಲುಗಳೂ ಇದ್ದವು.

ಮುಚ್ಚಿದ ತಾಣದಿಂದ ಉಳಿಯುವುದು ಕೇಳಿದವರ ನೆನಪು ಮತ್ತು ಅವರ ಮನೆಯ ಪೆಟ್ಟಿಗೆಗಳಲ್ಲಿರುವ ಕರಪತ್ರಗಳು. ನೆನಪಿನ ವಿಷಯದಲ್ಲಿ ಒಂದೇ ಕಛೇರಿಯಲ್ಲಿ ಅಕ್ಕಪಕ್ಕ ಕುಳಿತಿದ್ದ ಇಬ್ಬರು ಒಪ್ಪುವುದಿಲ್ಲ. ಒಬ್ಬರು ತೋಡಿ ಎಂದರೆ ಇನ್ನೊಬ್ಬರು ಆಣೆ ಮಾಡಿ ಭೈರವಿ ಎನ್ನುತ್ತಾರೆ. ಹಳೆಯ ಕರಪತ್ರಗಳಾದರೋ ಇನ್ನೊಂದು ಬಗೆಯಲ್ಲಿ ಕಾಡುತ್ತವೆ: ಕಲಾವಿದರ ಬಿರುದುಗಳೆಲ್ಲ ಇರುತ್ತವೆ, ತಾರೀಖು, ವಾರ, ಗಂಟೆ ಇರುತ್ತವೆ, ಇಸವಿ ಮಾತ್ರ ಇರುವುದಿಲ್ಲ, ಏಕೆಂದರೆ ಮುದ್ರಿಸಿದವರಿಗೆ ಅದು ಬರುವ ವಾರದ ಸಂಗತಿಯಾಗಿತ್ತು. ತಾರೀಖು ಮತ್ತು ವಾರ ಗೊತ್ತಿದ್ದರೆ ದಾರಿಯಿದೆ. ಒಂದು ತಾರೀಖು ಅದೇ ವಾರದಲ್ಲಿ ಮತ್ತೆ ಬರುವುದು ಸಾಮಾನ್ಯವಾಗಿ 5, 6 ಅಥವಾ 11 ವರ್ಷಗಳಿಗೊಮ್ಮೆ. ಆದ್ದರಿಂದ ಕಛೇರಿ ನಡೆದ ಕಾಲದ ಅಂದಾಜು ಇದ್ದರೆ ಸಾಧ್ಯವಿರುವ ಇಸವಿಗಳು ಎರಡೋ ಮೂರೋ ಉಳಿಯುತ್ತವೆ, ಪಕ್ಕವಾದ್ಯದವರ ಹೆಸರು ನೋಡಿದರೆ ಅದರಲ್ಲಿಯೂ ಒಂದೆರಡು ಬಿದ್ದುಹೋಗುತ್ತವೆ. ನಿಮ್ಮ ಮನೆಯಲ್ಲಿ ಅಂಥ ಕಾಗದಗಳಿದ್ದರೆ ಈ ಲೆಕ್ಕ ಹಾಕಿ, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಇಸವಿಯನ್ನು ಬರೆದಿಡಿ. ಪೆನ್ನಿನ ಶಾಯಿ ಹಳೆಯ ಕಾಗದದಲ್ಲಿ ಮುಂಬದಿಗೂ ಇಳಿಯಬಹುದು.

ನಮಸ್ಕಾರ.